ನಡುಹೊಳೆಯ ಗೆರೆ ದಾಟಿದವನು

"ರೀ! ನಿಲ್ಲಿ ಅಲ್ಲೇ! ಗೆರೆ ದಾಟಿದ್ದೀರಿ!"

ಮೊಣಕಾಲುದ್ದ ನೀರಿನಲ್ಲಿ ನಿಂತು ಹಿಲ್ಡಾ ಕೂಗಿದ ರಭಸಕ್ಕೆ ದಡದ ಬಾತುಕೋಳಿಗಳೂ ತಲೆ ಎತ್ತಿ ನೋಡಿದವು.

ನಡುಹೊಳೆಯಲ್ಲಿ ಬಗ್ಗಿದ್ದ ಆ ಎತ್ತರದ ಗಂಡಸು ಮಾತ್ರ ತಲೆ ಎತ್ತಲಿಲ್ಲ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಮೆಟಲ್ ಡಿಟೆಕ್ಟರ್... ಪ್ರಪಂಚವೇ ಬೇಡವೆಂಬಂತೆ ನೀರಿನ ತಳವನ್ನೇ ನೋಡುತ್ತಿದ್ದ.

'ಕಿವುಡನೋ, ಪೊಗರೋ?' ಎಂದುಕೊಂಡಳು ಹಿಲ್ಡಾ. ನೀರನ್ನು ಚಿಮ್ಮಿಸುತ್ತಾ ನಡೆದು ಹೋಗಿ ಅವನ ಒಂದು ಕಿವಿಯ ಹೆಡ್‌ಫೋನ್ ಎಳೆದೇ ಬಿಟ್ಟಳು!

ಅವನು ಬೆಚ್ಚಿಬಿದ್ದ. ಆಮೇಲೆ ಅವಳನ್ನು ನೋಡಿದ. ನೋಡಿ, ಯಾಕೋ ನಕ್ಕ.

"ನಗೋದೇನಿದೆ? ಇದು ಮಿಸೆಸ್ ಪೀಕಾಕ್ ಅವರ ಪಾಲು. ಇಲ್ಲಿ ಹುಡುಕೋಕೆ ನನಗೂ ನಮ್ಮಪ್ಪನಿಗೂ ಮಾತ್ರ ಒಪ್ಪಿಗೆ ಇರೋದು."

"ನನಗೆ ಕೋಟ್ಸ್ ಅವರ ಒಪ್ಪಿಗೆ ಇದೆ."

"ಕೋಟ್ಸ್ ಅವರದು ಆ ಕಡೆ ಅರ್ಧ!"

"ಸರಿ, ಅರ್ಧ ಎಲ್ಲಿಗೆ ಮುಗಿಯುತ್ತೆ? ಗೆರೆ ತೋರಿಸಿ ನೋಡೋಣ."

ತೋರಿಸುವುದಾದರೂ ಹೇಗೆ! ನಮ್ಮ ಸ್ವೇಲ್ ಹೊಳೆಯ ತಕರಾರೇ ಇದು. ದಡ ಯಾರದೋ ಹೊಳೆಯ ತಳವೂ ಅವರದೇ, ಆದರೆ ನಡುಹೊಳೆಯವರೆಗೆ ಮಾತ್ರ. ಯಾವ ದಡದವರು ಒಪ್ಪಿಗೆ ಕೊಟ್ಟಿದ್ದಾರೋ ಆ ಅರ್ಧದಲ್ಲೇ ಹುಡುಕಬೇಕು. ಆ ಗೆರೆ ದೇವರಿಗೆ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಆದರೂ ಯಾರ್ಕ್‌ಶೈರಿನ ನಮ್ಮ ಜನಕ್ಕೆ ಅದು ಕಲ್ಲುಗೋಡೆಯಷ್ಟೇ ಗಟ್ಟಿ. ಗೆರೆ ದಾಟಿದವನಿಗೆ ಆಮೇಲೆ ಯಾವ ರೈತನೂ ಹೊಳೆಗಿಳಿಯಲು ಬಿಡುವುದಿಲ್ಲ.

ಅಷ್ಟರಲ್ಲಿ ಅವನ ಮೆಷಿನ್ ಇಬ್ಬರ ಕಾಲ ನಡುವೆ ಜೋರಾಗಿ ಕೂಗಿತು.

ಇಬ್ಬರೂ ಒಟ್ಟಿಗೇ ಬಗ್ಗಿದರು. ನೀರು ಸೋಸುವ ತೂತುತೂತಿನ ಸಲಿಕೆಗಳೆರಡೂ ಒಂದೇ ಜಾಗಕ್ಕೆ ಇಳಿದವು. ಮರಳು, ಕಲ್ಲು, ಮತ್ತೆ ಮರಳು... ರೋಮನ್ನರ ನಾಣ್ಯವೇನಾದರೂ...?

ಬಂದದ್ದು ಬಿಯರ್ ಬಾಟಲಿಯ ಮುಚ್ಚಳ!

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಅವನು ಆ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಗಂಭೀರವಾಗಿ ಅವಳ ಮುಂದೆ ಚಾಚಿದ.

"ನಿಮ್ಮ ಪಾಲಿನಲ್ಲೇ ಸಿಕ್ಕಿದ್ದು. ಒಪ್ಪಿಸಿಕೊಳ್ಳಿ."

ನಗಬಾರದು ಅಂದುಕೊಂಡರೂ ಹಿಲ್ಡಾಗೆ ನಗು ತಡೆಯಲಾಗಲಿಲ್ಲ.

ಅವನ ಹೆಸರು ರೂಬೆನ್ ಆಲ್ಡರ್ಸನ್. ಬೆಟ್ಟದ ಮೇಲಿನ ಕುರಿ ಹೊಲಗಳಿಗೆ ಗಾರೆಯಿಲ್ಲದ ಕಲ್ಲುಗೋಡೆ ಕಟ್ಟುವುದು ಅವನ ಕೆಲಸ. ಆ ವಸಂತದಲ್ಲಷ್ಟೇ ನಮ್ಮೂರಿಗೆ ಬಂದಿದ್ದ.

*

ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಹುಟ್ಟಿದವಳಲ್ಲ ಹಿಲ್ಡಾ. ಆ ಬೇಸಿಗೆಯಲ್ಲಿ ಅವಳಿಗೆ ಹೊಳೆಯ ವಿಷಯ ಎತ್ತಿದರೆ ಹಾಗೆ ಉರಿಯಲು ಕಾರಣವಿತ್ತು.

ಅವಳ ಅಪ್ಪ ವಿಲ್ಫ್ರೆಡ್ ಮೆಟ್ಕಾಫ್ ಅಂಚೆ ಹಂಚುತ್ತಿದ್ದವರು. ಬಿಡುವು ಸಿಕ್ಕರೆ ಹೊಳೆ, ಹೊಳೆ ಬಿಟ್ಟರೆ ಮಗಳು. ಹೆಂಡತಿ ಹೋದ ಮೇಲೆ ಅವರನ್ನು ಹಿಡಿದು ನಿಲ್ಲಿಸಿದ್ದೇ ಈ ಎರಡು. ಕಳೆದ ಚಳಿಗಾಲದಲ್ಲಿ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಬಲಗೈ ಸೋತಿತು, ನಡೆಯಲು ಕೋಲು ಬೇಕಾಯಿತು.

ಈಗ ಮಧ್ಯಾಹ್ನ ಬೇಕರಿ ಕೆಲಸ ಮುಗಿದ ಕೂಡಲೇ ಹಿಲ್ಡಾ ಅವರನ್ನು ಕಾರಿನಲ್ಲಿ ಕರೆತರುತ್ತಿದ್ದಳು. ಬಲದಡದ ಜಲ್ಲಿದಿಬ್ಬದ ಅಂಚಿನಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ, ಮೀನು ಹಿಡಿಯುವವರ ಮಡಚುವ ಕುರ್ಚಿಯ ಮೇಲೆ ಅವರು ಕೂರುತ್ತಿದ್ದರು. ಎಡಗೈಯಲ್ಲಿ ಮೆಷಿನ್ ಆಡಿಸಿ, ಎಡಗೈಯಲ್ಲೇ ಪುಟ್ಟ ಸಲಿಕೆ ಹಿಡಿದು ಅಗೆಯುತ್ತಿದ್ದರು. ಮಗಳು ಸಹಾಯಕ್ಕೆ ಬಂದರೆ ಕಣ್ಣು ಬಿಡುತ್ತಿದ್ದರು.

ಸಿಗುತ್ತಿದ್ದುದೇನು? ತುಕ್ಕು ಮೊಳೆ. ತಗಡು. ಮತ್ತೆ ತುಕ್ಕು ಮೊಳೆ.

"ಹೊಳೆಯೂ ನನ್ನನ್ನ ಮರೀತು ಕಣೆ ಪುಟ್ಟಿ" ಎಂದರು ಒಂದು ದಿನ. "ಈ ಬೇಸಿಗೆ ನೋಡ್ತೀನಿ. ಏನೂ ಕೊಡಲಿಲ್ಲ ಅಂದ್ರೆ ಮೆಷಿನ್ ಮಾರಿಬಿಡು. ಆ ವೃದ್ಧಾಶ್ರಮದವರಿಗೆ ಫೋನ್ ಮಾಡು, ಹೋಗಿ ಇದ್ದುಬಿಡ್ತೀನಿ."

"ಅಪ್ಪ! ಏನ್ ಮಾತು ಅಂತ ಆಡ್ತೀಯಾ? ಮನೆ ಇಲ್ವಾ? ನಾನಿಲ್ವಾ?"

"ನೀನಿದ್ದೀಯ. ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ನನಗೇ ಒಂದು ಕಾರಣ ಬೇಕಲ್ಲ."

ಅಪ್ಪ ಹಠ ಹಿಡಿದರೆ ಹಿಡಿದದ್ದೇ. ಒಮ್ಮೆ ಆ ಆಶ್ರಮದ ಕಿಟಕಿಯ ಪಕ್ಕ ಕೂತರೆ ಅವರು ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

'ಹೊಳೆಯೇ, ನಿನಗೆ ಕೈ ಮುಗೀತೀನಿ. ಒಂದೇ ಒಂದು ಏನಾದ್ರೂ ಕೊಡು ಅವರಿಗೆ...'

*

ಹೊಳೆ ಕೊಟ್ಟಿತು!

ಬಾಟಲಿ ಮುಚ್ಚಳದ ಜಗಳವಾಗಿ ವಾರ ಕಳೆದಿರಬೇಕು. ಅಪ್ಪನ ಕೂಗು ಕೇಳಿ ಹಿಲ್ಡಾ ಬಿದ್ದಂಬೀಳ ಓಡಿಬಂದಳು. ಮತ್ತೆ ಸ್ಟ್ರೋಕ್ ಆಯಿತೇನೋ ಎಂದುಕೊಂಡಿದ್ದಳು.

ಅಪ್ಪ ನಗುತ್ತಿದ್ದರು. ಅಂಗೈಯಲ್ಲಿ ಹಿತ್ತಾಳೆಯ ಬಕಲ್ ಇತ್ತು. ಐನೂರು ಆರುನೂರು ವರ್ಷ ಹಿಂದೆ ಯಾವನೋ ಸವಾರ ಹೊಳೆ ದಾಟುವಾಗ ಕಳೆದುಕೊಂಡದ್ದಿರಬೇಕು.

ಆಮೇಲೆ ದರ್ಜಿಗಳು ಬೆರಳಿಗೆ ಹಾಕುವ ಬೆಳ್ಳಿಯ ಟೋಪಿ. ಅದಾದ ಮೇಲೆ ಒಂದು ರೋಮನ್ ನಾಣ್ಯ. ದಿನವೂ ಅಲ್ಲ, ಆದರೆ ಆಸೆ ಬತ್ತುವಷ್ಟು ತಡವಾಗಿಯೂ ಅಲ್ಲ. ಅಪ್ಪ ಬೆಳಿಗ್ಗೆ ತಾವೇ ಎದ್ದು ಗಡ್ಡ ಹೆರೆದುಕೊಳ್ಳತೊಡಗಿದರು. ಊಟಕ್ಕೆ ಕೂತರೆ ಎರಡನೇ ಸಲ ಹಾಕಿಸಿಕೊಳ್ಳತೊಡಗಿದರು.

ಸಿಕ್ಕಿದ್ದನ್ನೆಲ್ಲ ಹಿಲ್ಡಾ ಮ್ಯೂಸಿಯಂನ ಬ್ರಿಜೆಟ್ ಕೈಗೆ ಮುಟ್ಟಿಸುತ್ತಿದ್ದಳು. ಎಲ್ಲಿ ಸಿಕ್ಕಿತು ಎಂದು ಜಾಗವನ್ನು ಕರಾರುವಾಕ್ಕಾಗಿ ಹೇಳುತ್ತಿದ್ದಳು. ಈ ಹವ್ಯಾಸದವರಲ್ಲಿ ಅದೊಂದು ವ್ರತವಿದ್ದ ಹಾಗೆ. ಜಾಗ ಗೊತ್ತಿಲ್ಲದ ವಸ್ತು ಬರೀ ಗುಜರಿ. ಸುಳ್ಳು ಜಾಗ ಹೇಳುವವನನ್ನು ಕಳ್ಳನಿಗಿಂತ ಕಡೆಯಾಗಿ ನೋಡುತ್ತಾರೆ.

ಇನ್ನು ರೂಬೆನ್? ಸಂಜೆ ಗೋಡೆ ಕೆಲಸ ಮುಗಿಸಿ ಎಡದಡಕ್ಕೆ ಬರುತ್ತಿದ್ದ. ನಮ್ಮಲ್ಲಿ ಬೇಸಿಗೆಯ ಸಂಜೆ ರಾತ್ರಿ ಹತ್ತಾದರೂ ಮುಗಿಯುವುದೇ ಇಲ್ಲವಲ್ಲ! ಹೊಳೆಯ ಆ ಕಡೆ ಅವನು, ಈ ಕಡೆ ಇವಳು, ನಡುವೆ ಹರಿವ ನೀರು. ಮಾತೆಲ್ಲ ಕೂಗಿಯೇ ಆಡಬೇಕು.

"ಇವತ್ತು ಏನ್ ಸಿಕ್ತು?" ಎಂದು ಅವನು ಕೂಗುವನು.

"ಅಪ್ಪನಿಗೆ ನಾಣ್ಯ! ನಿಮಗೆ?"

"ಸ್ಪೂನ್! ಅದೂ ಮುರಿದಿದ್ದು!"

"ನಿಮ್ಮ ಹಣೆಬರಹ!"

"ಹಣೆಬರಹ ಅಲ್ಲ, ಕೋಟ್ಸ್ ಅವರ ಪಾಲೇ ದರಿದ್ರ! ಈ ಕಡೆ ಒಂದು ಶುಂಠಿ ಕೇಕ್ ಆದ್ರೂ ಎಸೀರಿ!"

ಹಿಲ್ಡಾ ಎಸೆದಳು. ಕಾಗದದಲ್ಲಿ ಸುತ್ತಿದ ಕೇಕು ನೇರ ನಡುಹೊಳೆಗೆ ಬಿದ್ದು ತೇಲಿಹೋಯಿತು. ರೂಬೆನ್ ಬಟ್ಟೆ ಸಮೇತ ಅದರ ಹಿಂದೆ ಧುಮುಕಿದ!

"ಗೆರೆ ದಾಟಬೇಡಿ!" ಎಂದು ಕೂಗುತ್ತಾ ಹಿಲ್ಡಾ ಹೊಟ್ಟೆ ಹಿಡಿದು ನಕ್ಕಳು. ಕುರ್ಚಿಯಲ್ಲಿದ್ದ ವಿಲ್ಫ್ರೆಡ್ ಮಗಳ ಮುಖವನ್ನೊಮ್ಮೆ ನೋಡಿ, ಹೊಳೆಯ ಕಡೆ ತಿರುಗಿದರು.

ಆ ರಾತ್ರಿ ಪಾತ್ರೆ ತೊಳೆಯುತ್ತಾ ಹಿಲ್ಡಾ ತನ್ನನ್ನೇ ಬೈದುಕೊಂಡಳು. 'ಒದ್ದೆ ಕೇಕು ತಿಂದವನನ್ನ ನೆನೆಸಿಕೊಂಡು ಯಾರಾದ್ರೂ ನಗ್ತಾರಾ? ವಯಸ್ಸು ಮೂವತ್ತು ದಾಟಿದೆ ಹಿಲ್ಡಾ, ಬುದ್ಧಿ ಎಲ್ಲಿಟ್ಟೆ?'

ಬುದ್ಧಿ ಎಲ್ಲಿತ್ತೋ! ಮನಸ್ಸಂತೂ ಎಡದಡದಲ್ಲಿತ್ತು.

*

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಬೇಕರಿಯ ಒಲೆ ಕೈಕೊಟ್ಟಿತು. ರಿಪೇರಿಯವನು ಮಧ್ಯಾಹ್ನಕ್ಕೆ ಬರುತ್ತೇನೆಂದ. ಅಪ್ಪನ ಜಾಗದಲ್ಲಿ ಕಲ್ಲು ಸರಿಸಿ, ಕುರ್ಚಿಗೆ ಹದ ಮಾಡಿಟ್ಟು ಬರೋಣವೆಂದು ಹಿಲ್ಡಾ ಹೊಳೆಗೆ ಹೊರಟಳು.

ಮಂಜು ಇನ್ನೂ ನೀರಿನ ಮೇಲಿತ್ತು. ಜಲ್ಲಿದಿಬ್ಬದ ಅಂಚಿನಲ್ಲಿ ಯಾರೋ ಮಂಡಿಯೂರಿದ್ದರು.

ಅಪ್ಪ ಕೂರುವ ಜಾಗ... ಅಲ್ಲೇ!

ಹೆಜ್ಜೆ ಹತ್ತಿರವಾದಂತೆ ಆ ಭುಜ, ಆ ಕತ್ತು, ಆ ಹಳೇ ನೀಲಿ ಸ್ವೆಟರು ಎಲ್ಲ ಗುರುತು ಸಿಕ್ಕವು. ಹಿಲ್ಡಾ ನಡಿಗೆ ನಿಲ್ಲಿಸಿದಳು.

"ರೂಬೆನ್...?"

ಅವನು ದಿಗ್ಗನೆ ಎದ್ದ. ಮುಖ ಬಿಳಿಚಿತ್ತು. ಬಲಗೈ ಮುಷ್ಟಿ ಬಿಗಿದಿತ್ತು.

"ಮುಷ್ಟಿ ಬಿಚ್ಚಿ."

"ಹಿಲ್ಡಾ, ದಯವಿಟ್ಟು..."

"ಬಿಚ್ಚಿ ಅಂದೆ!"

ನಿಧಾನವಾಗಿ ಬಿಚ್ಚಿದ. ಅಂಗೈಯಲ್ಲಿ ಮೊಲ ಕೂತಿತ್ತು! ಹೆಬ್ಬೆರಳಿನಷ್ಟು ಪುಟ್ಟ ಕಂಚಿನ ಮೊಲ. ಕಿವಿ ಹಿಂದಕ್ಕೆ ಮಲಗಿಸಿ ಓಡುತ್ತಿರುವಂತೆ ಮಾಡಿದ, ಮೈಮೇಲೆ ನೀಲಿ ಬಣ್ಣದ ಚುಕ್ಕೆಗಳಿದ್ದ ರೋಮನ್ ಕಾಲದ, ಬಟ್ಟೆಗೆ ಚುಚ್ಚಿಕೊಳ್ಳುವ ಬ್ರೂಚು. ಇಡೀ ಜನ್ಮ ಹೊಳೆಯಲ್ಲಿ ಕಳೆದವರಿಗೂ ಇಂಥದ್ದು ಸಿಗುವುದಿಲ್ಲ.

ಹಿಲ್ಡಾ ಇನ್ನೊಂದು ಹೆಜ್ಜೆ ಮುಂದೆ ಬಂದಳು.

"ಇದು ನಮ್ಮಪ್ಪ ಕೂರೋ ಜಾಗ! ನೆಟ್ಟಗೆ ನಡೆಯೋಕಾಗದ ಮನುಷ್ಯ... ಇದೊಂದು ಜಾಗ ಬಿಟ್ರೆ ಅವರಿಗೆ ಇನ್ನೆಲ್ಲೂ ಹೋಗೋಕಾಗಲ್ಲ! ಅವರು ಬರೋ ಮುಂಚೆ ಬಂದು ಒಳ್ಳೊಳ್ಳೇದೆಲ್ಲ ಬಾಚ್ಕೊಂಡು ಹೋಗ್ತಿದ್ರಾ? ಸಂಜೆ ಬಂದು ಮುರಿದ ಸ್ಪೂನ್ ಅಂತ ನಾಟಕ ಬೇರೆ!"

ರೂಬೆನ್ ಅಂಗೈಯ ಮೊಲವನ್ನೇ ನೋಡಿದ.

"ಹೇಳಿ! ಸುಳ್ಳು ಅಂತಾದ್ರೂ ಹೇಳಿ!"

"ನಾನು ಗೆರೆ ದಾಟಿದ್ದು ನಿಜ" ಎಂದ ಕೊನೆಗೆ. "ಅದಕ್ಕೆ ಏನು ಬೇಕಾದ್ರೂ ಮಾಡಿ. ವಿಲ್ಫ್ರೆಡ್ ಅವ್ರಿಗೆ ಮಾತ್ರ ಹೇಳಬೇಡಿ."

"ಹೇಳಬೇಡಿ! ಮರ್ಯಾದೆ ಉಳಿಸ್ಕೋಬೇಕಲ್ಲ ನಿಮಗೆ!"

ಅವನ ಕಣ್ಣಿನಲ್ಲಿ ಏನೋ ಒಡೆದಂತಾಯಿತು. ಅವಳು ನೋಡಲಿಲ್ಲ. ಸಿಟ್ಟಿಗೆ ಕಣ್ಣೆಲ್ಲಿ, ಕಿವಿಯೆಲ್ಲಿ? ಮೊಲವನ್ನು ಕಿತ್ತುಕೊಂಡು ತಿರುಗಿ ನಡೆದಳು. ಕಾರಿನಲ್ಲಿ ಕೂತ ಮೇಲೆ ಮಾತ್ರ ಅಳು ನುಗ್ಗಿ ಬಂತು. ಅಪ್ಪನಿಗಾದ ಮೋಸಕ್ಕೆ ಅಳುತ್ತಿದ್ದಾಳೋ, ತನಗಾದ ಮೋಸಕ್ಕೋ ಅವಳಿಗೇ ತಿಳಿಯಲಿಲ್ಲ.

ಅಳು ನಿಲ್ಲುವ ಮೊದಲೇ ಮಿಸೆಸ್ ಪೀಕಾಕ್‌ಗೆ ಫೋನ್ ಮಾಡಿದಳು. ಅವರು ಆಚೆ ದಡದ ಕೋಟ್ಸ್‌ಗೆ ಮಾಡಿದರು. "ಆಚೆಯವರ ಪಾಲಿಗೆ ಕೈ ಹಾಕಿದವನು ನಾಳೆ ನನ್ನ ಪಾಲಿಗೂ ಹಾಕ್ತಾನೆ" ಎಂದ ಕೋಟ್ಸ್, ಅಂದೇ ಸಂಜೆ ಒಪ್ಪಿಗೆ ವಾಪಸ್ ಪಡೆದ.

ಊರಿನಲ್ಲಿ ಇಂಥ ಸುದ್ದಿಗೆ ಕಾಲಲ್ಲ, ರೆಕ್ಕೆ. ಸ್ವೇಲ್ ಹೊಳೆಯ ಉದ್ದಕ್ಕೂ ರೂಬೆನ್ ಆಲ್ಡರ್ಸನ್ ಕಾಲಿಡುವಂಥ ಜಾಗ ಒಂದೂ ಉಳಿಯಲಿಲ್ಲ.

*

ಅಪ್ಪನಿಗೆ ಅವಳು ಹೇಳಲಿಲ್ಲ. ಅವನು ಬೇಡಿಕೊಂಡಿದ್ದಕ್ಕಲ್ಲ! ಅಪ್ಪನಿಗೂ ಅವನೆಂದರೆ ಇಷ್ಟ, ನೊಂದುಕೊಳ್ಳುತ್ತಾರೆ ಎಂದು.

"ಆ ಹುಡುಗ ಎಲ್ಲಿ? ಕಾಣಿಸ್ತಾನೇ ಇಲ್ಲ."

"ಬೇರೆ ಊರಲ್ಲಿ ಕೆಲಸ ಅಂತೆ ಅಪ್ಪ."

ಅಪ್ಪ ಹೊಳೆಯ ಆ ದಡವನ್ನೇ ನೋಡುತ್ತಾ ಕೂತರು. ಮೆಷಿನ್ ಹಚ್ಚಲೇ ಇಲ್ಲ. ಮರುದಿನವೂ ಅಷ್ಟೇ. ಶುಕ್ರವಾರ ಗಡ್ಡ ಹೆರೆಯದೆ ತಿಂಡಿಗೆ ಬಂದರು.

"ಪುಟ್ಟಿ, ಆ ಆಶ್ರಮದವರಿಗೆ ಫೋನ್ ಮಾಡು" ಎಂದರು. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಹಿಲ್ಡಾಳ ಚಾಕು ಅಲ್ಲೇ ನಿಂತಿತು.

"ಯಾಕಪ್ಪ? ಈಗ ತಾನೇ ಎಷ್ಟೆಲ್ಲ ಸಿಕ್ತಲ್ಲ..."

"ಸಿಕ್ತು. ಸಾಕು."

ಮಧ್ಯಾಹ್ನ ಅಪ್ಪ ಮಲಗಿದ್ದಾಗ ಹಿಲ್ಡಾ ಆ ಮೊಲವನ್ನು ತೆಗೆದಳು. ಶನಿವಾರ ಬ್ರಿಜೆಟ್‌ಗೆ ಒಪ್ಪಿಸಬೇಕಿತ್ತು. ಅಂಟಿದ ಕೆಸರು ಹೋಗಲೆಂದು ಅಡುಗೆಮನೆಯ ನಲ್ಲಿ ಸಣ್ಣಗೆ ಬಿಟ್ಟು ಅದರ ಕೆಳಗೆ ಹಿಡಿದಳು.

ನೀರು ಅದರ ಮೇಲೆ ನಿಲ್ಲಲಿಲ್ಲ! ಕೆಸುವಿನ ಎಲೆಯ ಮೇಲಿನ ಹಾಗೆ ಹನಿಹನಿಯಾಗಿ ಜಾರಿಹೋಯಿತು.

ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ನುಣುಪು. ಮೂಗಿನ ಹತ್ತಿರ ಹಿಡಿದಳು. ಗೊತ್ತಿರುವ ವಾಸನೆ... ಮೇಣ.

ಹಳೇ ಲೋಹ ಗಾಳಿಗೆ ಕೆಡದಿರಲೆಂದು ಹಚ್ಚುತ್ತಾರಲ್ಲ, ಆ ಮೇಣ! ಹೊಳೆಯಿಂದ ತೆಗೆದು, ತೊಳೆದು, ವಾರಗಟ್ಟಲೆ ಒಣಗಿಸಿದ ಮೇಲೆ ಹಚ್ಚುವಂಥದ್ದು. ಆ ಕ್ಷಣವಷ್ಟೇ ಜಲ್ಲಿಯಿಂದ ಅಗೆದ ವಸ್ತುವಿನ ಮೇಲೆ ಅದು ಬರಲು ಸಾಧ್ಯವೇ ಇಲ್ಲ!

ಹಿಲ್ಡಾ ನಲ್ಲಿ ನಿಲ್ಲಿಸಿದಳು.

'ಅವನು ತೆಗೀತಿರಲಿಲ್ಲ... ಇಡ್ತಿದ್ದ! ಇದು ಅವನದೇ... ಬಕಲ್ಲು, ಬೆಳ್ಳಿ ಟೋಪಿ, ನಾಣ್ಯ... ಎಲ್ಲ ಅವನೇ ಇಟ್ಟಿದ್ದು!'

ಮೊದಲು ಬಂದದ್ದು ಕೋಪವೇ. ಎಂಥ ಕೆಲಸ ಮಾಡಿದ! ಬ್ರಿಜೆಟ್ ಮುಂದೆ ತಾನು ಹೇಳಿದ ಜಾಗವೆಲ್ಲ ಸುಳ್ಳಾಯಿತಲ್ಲ! ಆಮೇಲೆ... ಅಪ್ಪ... ಅಪ್ಪನ ಆ ನಗು, ಎರಡನೇ ತಟ್ಟೆ ಊಟ... ಅದನ್ನು ಸುಳ್ಳು ಎಂದು ಹೇಗೆ ಹೇಳಲಿ?

"ಏನೇ ಅದು ಕೈಯಲ್ಲಿ?"

ಬಾಗಿಲಲ್ಲಿ ಅಪ್ಪ ಕೋಲೂರಿ ನಿಂತಿದ್ದರು. ಹಿಲ್ಡಾ ಗಬಕ್ಕನೆ ಕೈ ಹಿಂದಕ್ಕೆಳೆದಳು.

"ಏನಿಲ್ಲಪ್ಪ."

"ಕೊಡಿಲ್ಲಿ."

ಕೊಟ್ಟಳು. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಉಗುರಿನಿಂದ ಮೆಲ್ಲಗೆ ಗೀರಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಅಯ್ಯೋ ಪೆದ್ದ! ಇದನ್ನೂ ನನಗೆ ಇಡೋಕೆ ಬಂದಿದ್ನಾ?"

ಹಿಲ್ಡಾ ಅವರತ್ತ ತಿರುಗಿದಳು.

"ಅಪ್ಪ... ನಿಂಗೆ ಗೊತ್ತಿತ್ತಾ?"

"ಮೊದಲ ಬಕಲ್ಲಿಗೇ ಗೊತ್ತಾಯ್ತು. ನೂರಾರು ವರ್ಷ ಕೂತ ಜಲ್ಲಿ ಸಲಿಕೆನ ಕಚ್ಚಿ ಹಿಡಿಯುತ್ತೆ ಕಣೆ. ಇದು ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಬಂತು! ಇಂಥ ಕೆಲಸಕ್ಕೆ ಆಚೆ ದಡದವನು ಬಿಟ್ರೆ ಇನ್ಯಾರು? ಗೋಡೆ ಅಷ್ಟು ಚೆನ್ನಾಗಿ ಕಟ್ತಾನೆ, ಒಂದು ಗುಂಡಿ ಮುಚ್ಚೋಕೆ ಬರಲ್ಲ ಅವನಿಗೆ."

"ಮತ್ತೆ ಬ್ರಿಜೆಟ್...?"

"ಅವತ್ತೇ ಫೋನ್ ಮಾಡಿದ್ದೆ. ನನ್ನ ಮಗಳು ತಂದು ಕೊಡೋದನ್ನೆಲ್ಲ ಡ್ರಾಯರ್‌ನಲ್ಲಿ ಇಟ್ಟಿರು, ಜಾಗ ಆಮೇಲೆ ಹೇಳ್ತೀನಿ ಅಂದೆ. ನನಗೆ ಕಾಯಿಲೆ ಬಂದಿರಬಹುದು, ಸುಳ್ಳು ಜಾಗ ಹೇಳೋ ರೋಗ ಬಂದಿಲ್ಲ."

"ಅಂದ್ರೆ ಈ ಊರಲ್ಲಿ ಏನೂ ಗೊತ್ತಿಲ್ಲದವಳು ನಾನೊಬ್ಬಳೇನಾ! ಹಾಗಾದ್ರೆ ಅಷ್ಟು ಖುಷಿ ಪಟ್ಟಿದ್ದು? ಆ ನಗು?"

ವಿಲ್ಫ್ರೆಡ್ ಕುರ್ಚಿ ಎಳೆದು ಕೂತರು. ಮೊಲವನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟರು.

"ನಗು ಸುಳ್ಳಲ್ಲ ಪುಟ್ಟಿ. ಬಕಲ್ಲು ಎಷ್ಟು ನೋಡಿಲ್ಲ ನಾನು! ಆದ್ರೆ ಬೆಳಿಗ್ಗೆ ಕಣ್ಣು ಬಿಟ್ರೆ, ಇವತ್ತು ಆ ಹುಚ್ಚ ಏನು ತಂದಿಟ್ಟಿರ್ತಾನೋ ನೋಡಬೇಕು ಅನ್ಸೋದು. ಒಬ್ಬ ಮನುಷ್ಯ ನನ್ನನ್ನ ನೆನೆಸಿಕೊಂಡು ತಣ್ಣೀರಿಗೆ ಇಳೀತಾನೆ ಅಂದ್ರೆ ನಾನಿನ್ನೂ ಲೆಕ್ಕಕ್ಕೆ ಇದ್ದೀನಿ ಅಂತ ತಾನೆ? ಅದಕ್ಕೆ ಏಳ್ತಿದ್ದೆ. ಈಗ ಅವನೂ ಬರಲ್ಲ."

ಹಿಲ್ಡಾ ಅಲ್ಲೇ ನೆಲದ ಮೇಲೆ ಕುಸಿದು, ಅಪ್ಪನ ಮಂಡಿಗೆ ಮುಖ ಒತ್ತಿ ಬಿಕ್ಕಿದಳು. ಎಲ್ಲ ಹೇಳಿಕೊಂಡಳು. ಮಂಜು, ಮುಷ್ಟಿ, ತಾನಾಡಿದ ಮಾತು, ಕೋಟ್ಸ್...

"ಕಳ್ಳ ಅಂದ್ಬಿಟ್ಟೆ ಅಪ್ಪ... ಒಂದು ಮಾತೂ ತಿರುಗಿ ಆಡಲಿಲ್ಲ ಅವನು. ನಿಂಗೆ ಹೇಳಬೇಡ ಅಂದ, ಅಷ್ಟೇ!"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅಪ್ಪನ ಎಡಗೈ ಅವಳ ತಲೆಯ ಮೇಲೆ ಬಂತು.

"ಅವನು ಮಾಡಿದ್ದು ನನಗೋಸ್ಕರ ಅಂದ್ಕೊಂಡಿದ್ದೀಯಾ? ಮುದುಕನ ಮುಖ ನೋಡೋಕೆ ಯಾವ ಗಂಡಸು ಹಾಗೆ ಬೆಳಿಗ್ಗೆ ಬೆಳಿಗ್ಗೆ ಹೊಳೆಗೆ ಬೀಳ್ತಾನೆ? ಎದ್ದೇಳು. ಮುಖ ತೊಳ್ಕೋ."

*

ಮಿಸೆಸ್ ಪೀಕಾಕ್ ಕೋಳಿಗೆ ಕಾಳು ಹಾಕುತ್ತಾ ಎಲ್ಲ ಕೇಳಿದರು. ಆಮೇಲೆ ಬಕೆಟ್ ಕೆಳಗಿಟ್ಟರು.

"ನನ್ನ ಹೊಳೆಯಿಂದ ತೆಗೆದಿದ್ರೆ ಬೈತಿದ್ದೆ. ಹಾಕಿದ್ದಕ್ಕೆ ಏನಂತ ಬೈಲಿ?" ಎಂದರು. "ಕೋಟ್ಸ್‌ಗೆ ಹೇಳೋದು ನನಗೆ ಬಿಡು. ನಿನಗೆ ಬೇರೆ ಕೆಲಸ ಇದೆಯಲ್ಲ ಹುಡುಗಿ, ಇಲ್ಲಿ ಯಾಕೆ ನಿಂತಿದ್ದೀಯಾ?"

ಬೆಟ್ಟದ ಮೇಲೆ ಗಾಳಿ ಜೋರಾಗಿತ್ತು. ಚಳಿಗಾಲದಲ್ಲಿ ಬಿದ್ದ ಗೋಡೆಯೊಂದನ್ನು ರೂಬೆನ್ ಎತ್ತಿ ಕಟ್ಟುತ್ತಿದ್ದ. ಹಿಲ್ಡಾ ಏದುಸಿರು ಬಿಡುತ್ತಾ ಬಂದು ಗೋಡೆಯ ಈಚೆ ನಿಂತಳು. ಅವನು ಒಮ್ಮೆ ನೋಡಿದ. ಕೈಯಲ್ಲಿದ್ದ ಕಲ್ಲನ್ನು ತಿರುಗಿಸಿ ತಿರುಗಿಸಿ ಜಾಗಕ್ಕೆ ಕೂರಿಸಿದ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹಿಲ್ಡಾಗೆ ಮರೆತುಹೋಯಿತು.

"ಮೊಲಕ್ಕೆ ಮೇಣ ಇತ್ತು" ಎಂದಳು.

ಅವನ ಕೈ ನಿಂತಿತು.

"ಬೇರೆಯವುಗಳ ಮೇಣ ತೆಗೆದಿದ್ದೆ" ಎಂದ, ಕಲ್ಲನ್ನೇ ನೋಡುತ್ತಾ. "ಮೊಲದ್ದು ತೆಗೆದ್ರೆ ನೀಲಿ ಬಣ್ಣ ಕಿತ್ತು ಬಂದ್ಬಿಡುತ್ತೆ ಅಂತ ಧೈರ್ಯ ಬರಲಿಲ್ಲ." ಥಟ್ಟನೆ ತಲೆ ಎತ್ತಿದ. "ವಿಲ್ಫ್ರೆಡ್ ಅವ್ರಿಗೆ ಗೊತ್ತಾಯ್ತಾ? ಮೆಷಿನ್ ಮಾರಿಬಿಟ್ರಾ?"

ತನ್ನ ಮರ್ಯಾದೆಯ ಸುದ್ದಿ ಕೇಳಲಿಲ್ಲ. ಒಪ್ಪಿಗೆಯ ಸುದ್ದಿ ಕೇಳಲಿಲ್ಲ. ಮೊದಲು ಕೇಳಿದ್ದು ಅಪ್ಪನ ಸುದ್ದಿ! ಹಿಲ್ಡಾಳ ಕಣ್ಣು ತುಂಬಿ ಬಂದವು.

"ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತಂತೆ. ನಿಮಗೆ ಗುಂಡಿ ಮುಚ್ಚೋಕೆ ಬರಲ್ಲ ಅಂದ್ರು."

ರೂಬೆನ್ ಕಟ್ಟುತ್ತಿದ್ದ ಗೋಡೆಗೇ ಒರಗಿ ಕೂತುಬಿಟ್ಟ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ನಡುಗುತ್ತಿತ್ತು. ನಗುತ್ತಿದ್ದಾನೋ, ಅಳುತ್ತಿದ್ದಾನೋ...

"ತಪ್ಪು ನಂದೂ ಇದೆ" ಎಂದ. "ಸುಳ್ಳು ಜಾಗದಲ್ಲಿ ಇಡೋದು ಎಂಥ ತಪ್ಪು ಅಂತ ನನಗೆ ಗೊತ್ತಿಲ್ವಾ? ಅವೆಲ್ಲ ಎಲ್ಲೆಲ್ಲಿ ಸಿಕ್ಕಿದ್ದು ಅಂತ ನಾನೇ ಹೋಗಿ ಬ್ರಿಜೆಟ್ ಅವ್ರಿಗೆ ಹೇಳ್ತೀನಿ."

"ಯಾಕೆ ಮಾಡಿದ್ರಿ?"

ಅವನು ಒಂದು ಸಣ್ಣ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟ. ದೂರದಲ್ಲಿ ಕುರಿಯೊಂದು ಅರಚಿತು.

"ಆ ಬಾಟಲಿ ಮುಚ್ಚಳ ಸಿಕ್ಕಿದ ದಿನ ನೀವು ಎಷ್ಟು ನಕ್ರಿ! ಮಾರನೇ ದಿನ ನಿಮ್ಮಪ್ಪ ಖಾಲಿ ಕೈಯಲ್ಲಿ ಕುರ್ಚಿಯಿಂದ ಎದ್ರು. ಅವರನ್ನ ಒಳಗೆ ಕೂರಿಸಿ, ಬಾಗಿಲು ಹಾಕಿ, ಕಾರಿನ ಹಿಂದೆ ಹೋಗಿ ಒಬ್ಬರೇ ನಿಂತು ಅಳ್ತಿದ್ರಿ. ಆಚೆ ದಡದಲ್ಲಿದ್ದೆ ನಾನು. ಅವರು ಮೆಷಿನ್ ಮಾರಿ ಆಶ್ರಮಕ್ಕೆ ಹೋಗ್ತಾರಂತೆ ಅಂತ ಊರಲ್ಲಿ ಆಗ್ಲೇ ಮಾತಿತ್ತು. ಬಂದು ಸಮಾಧಾನ ಮಾಡೋಕೆ ನಾನ್ಯಾರು? ನನ್ನ ಹತ್ರ ಇದ್ದದ್ದು ಇಷ್ಟು ವರ್ಷ ಹುಡುಕಿ ಕೂಡಿಟ್ಟ ಆ ಹಳೇ ಸಾಮಾನು ಅಷ್ಟೇ."

ಹಿಲ್ಡಾ ಎರಡೂ ಕೈಯನ್ನು ಗೋಡೆಯ ಮೇಲೆ ಊರಿದಳು.

"ಊರೆಲ್ಲ ನಿಮ್ಮನ್ನ ಕಳ್ಳ ಅನ್ನೋ ಹಾಗೆ ಮಾಡಿದೆ. ಕ್ಷಮಿಸಿ ಅನ್ನೋಕೂ ಬಾಯಿ ಬರ್ತಿಲ್ಲ."

"ಅಪ್ಪನಿಗೋಸ್ಕರ ಬಂದ್ರಾ?" ಅವನ ದನಿ ಮೆತ್ತಗಿತ್ತು. "ಅವರು ಆಶ್ರಮಕ್ಕೆ ಹೋಗ್ತೀನಿ ಅಂದಿರ್ತಾರೆ. ನಾನು ಬರ್ತೀನಿ ಹಿಲ್ಡಾ. ಅದಕ್ಕೆ ನೀವು ಇಷ್ಟೆಲ್ಲ..."

"ಅಪ್ಪನಿಗೋಸ್ಕರ ಆಗಿದ್ರೆ ಫೋನ್ ಮಾಡ್ತಿದ್ದೆ! ಈ ಗಾಳಿಯಲ್ಲಿ ಬೆಟ್ಟ ಹತ್ತಿ ಬರ್ತಿರಲಿಲ್ಲ!"

ಅಂದ ಮೇಲೆ ಹಿಲ್ಡಾಳ ಕಿವಿಯವರೆಗೂ ಕೆಂಪೇರಿತು. ರೂಬೆನ್ ಮೆಲ್ಲಗೆ ಎದ್ದು ನಿಂತ.

"ಮತ್ತೆ ಯಾರಿಗೋಸ್ಕರ?"

"ಅದನ್ನೂ ಬಾಯಿ ಬಿಟ್ಟು ಹೇಳಬೇಕಾ? ನನಗೋಸ್ಕರ! ಸಂಜೆ ಆದ್ರೆ ಆ ಕಡೆ ದಡ ನೋಡೋ ಚಾಳಿ ಹತ್ತಿಸಿ, ನೀನು ಇಲ್ಲಿ ಬಂದು ಕಲ್ಲು ಜೋಡಿಸ್ತಾ ಕೂತ್ರೆ ನಾನೇನ್ ಮಾಡ್ಲಿ? ಈ ವಾರ ಮೂರು ಸಲ ಕೇಕ್ ಸೀದಿದೆ, ಗೊತ್ತಾ?"

"ಒಲೆ ಕೆಟ್ಟಿತ್ತಂತಲ್ಲ?"

"ಒಲೆ ರಿಪೇರಿ ಆಯ್ತು. ನಾನೇ ಆಗಿಲ್ಲ."

ರೂಬೆನ್ ನಕ್ಕ. ಎಷ್ಟು ದಿನವಾಗಿತ್ತು ಆ ನಗು ನೋಡಿ! ಹಿಲ್ಡಾ ಕಣ್ಣೊರೆಸಿಕೊಳ್ಳುತ್ತಾ ತಾನೂ ನಕ್ಕುಬಿಟ್ಟಳು.

"ಅಪ್ಪ ಒಂದು ಮಾತು ಹೇಳಿ ಕಳಿಸಿದ್ದಾರೆ. ಭಾನುವಾರ ಊಟಕ್ಕೆ ಬರಬೇಕಂತೆ. ಇನ್ಮೇಲೆ ಏನು ತಂದ್ರೂ ಹೊಳೆಗಲ್ಲ, ಮೇಜಿನ ಮೇಲೆ ತಂದಿಡಬೇಕಂತೆ. ಯಾವ ಕಾಲದ್ದು, ಏನು ಎತ್ತ ಅಂತ ಅವರು ಹೇಳ್ತಾರಂತೆ. ವೃದ್ಧಾಶ್ರಮಕ್ಕೆ ಹೋಗೋಕೆ ಪುರುಸೊತ್ತಿಲ್ಲ, ಇವನಿಗೆ ಪಾಠ ಹೇಳೋದಿದೆ ಅಂದ್ರು."

"ಹಾಗಂದ್ರಾ? ನಿಜವಾಗ್ಲೂ?"

"ಹಾಗಂದು, ಬೆಳಿಗ್ಗೆ ಬಿಟ್ಟಿದ್ದ ಗಡ್ಡ ಹೆರೆಯೋಕೆ ಹೋದ್ರು."

ರೂಬೆನ್ ಆಕಾಶ ನೋಡಿ ಉದ್ದಕ್ಕೆ ಉಸಿರು ಬಿಟ್ಟ. ಗೋಡೆಯ ಆಚೆ ಅವನು, ಈಚೆ ಅವಳು. ಸೊಂಟದೆತ್ತರಕ್ಕೆ ಬಂದ ಗೋಡೆ. ಗಾಳಿಗೆ ಅವಳ ಕೂದಲು ಮುಖದ ತುಂಬ ಹಾರುತ್ತಿತ್ತು.

"ರೂಬೆನ್..."

"ಹ್ಞೂಂ?"

"ಅಪ್ಪನಿಗೆ ಅಷ್ಟೆಲ್ಲ ಇಟ್ಟೆ. ನನಗೆ ಏನು ಹೂತಿಡ್ತೀಯಾ?"

ಅವನು ಮಣ್ಣಾಗಿದ್ದ ಕೈಯನ್ನು ಸ್ವೆಟರಿಗೆ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ. ಕಲ್ಲು ತರಚಿ ಒರಟಾಗಿದ್ದ ಆ ಖಾಲಿ ಅಂಗೈಯನ್ನು ಗೋಡೆಯ ಮೇಲಿಂದ ಅವಳ ಕಡೆಗೆ ಚಾಚಿದ.

"ನಿನಗೆ ಏನೂ ಹೂತಿಡಲ್ಲ ಹಿಲ್ಡಾ" ಎಂದ. "ಕೈಗೇ ಕೊಡ್ತೀನಿ."

ಅವಳು ಹಿಡಿದುಕೊಂಡಳು.